ಬರಕ್ಕೆ, ಬಿಸಿಲಿಗೆ ಎಲ್‌ನಿನೊ ಕಾರಣವೋ, ನಾವು ಕಾರಣವೋ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಆಡುಮಾತನ್ನು ಹೆಚ್ಚಾಗಿ ಹಾಗೆಯೇ ಉಳಿಸಲಾಗಿದೆ.)

ಇವತ್ತಿನ ಸಂಚಿಕೆ ನಿಮ್ಮಲ್ಲೇ ಒಬ್ಬರ ಪ್ರಶ್ನೆಯಿಂದ ಶುರು. ಚಳ್ಳಕೆರೆ ಕಡೆಯ ರೈತರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದ್ದರು. ಅವರ ಮಾತಿನ ಸಾರ ಇಷ್ಟು: "2023ರಲ್ಲಿ ಮಳೆ ಕೈಕೊಟ್ಟಾಗ ನೀವೆಲ್ಲ ಎಲ್‌ನಿನೊ ಅಂದ್ರಿ. ಮುಂದಿನ ಬೇಸಿಗೆಯಲ್ಲಿ ಬಿಸಿಲು ನೆತ್ತಿ ಸುಟ್ಟಾಗ ಹವಾಮಾನ ಬದಲಾವಣೆ ಅಂದ್ರಿ. ಎಲ್‌ನಿನೊ ಅಂದ್ರೆ ಪ್ರಕೃತಿ, ನಾವು ಸುಮ್ನೆ ತಡ್ಕೋಬೇಕು. ಹವಾಮಾನ ಬದಲಾವಣೆ ಅಂದ್ರೆ ಮನುಷ್ಯರು ಮಾಡಿದ್ದು, ಯಾರನ್ನಾದ್ರೂ ಕೇಳಬಹುದು. ಎರಡರಲ್ಲಿ ಯಾವುದು ಅಂತ ಒಂದು ಹೇಳಿ ಸ್ವಾಮಿ."

ಈ ಪ್ರಶ್ನೆಯನ್ನ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸಬೇಕಾಯ್ತು. ಇಡೀ ದೇಶದ ಲೆಕ್ಕದಲ್ಲಿ, 1901ರಿಂದೀಚೆಗಿನ ದಾಖಲೆಯಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆ. ಅದೇ 2023 ಜಗತ್ತಿನ ಅತಿ ಬಿಸಿ ವರ್ಷ ಅನ್ನಿಸಿಕೊಳ್ತು. ಆ ದಾಖಲೆ ಹನ್ನೆರಡೇ ತಿಂಗಳಲ್ಲಿ ಮುರಿದುಬಿತ್ತು. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರ ಸರಾಸರಿ, 19ನೇ ಶತಮಾನದ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚು.

ಅದಕ್ಕೇ ಇವತ್ತು ಉತ್ತರಕ್ಕಿಂತ ಮೊದಲು ಪ್ರಶ್ನೆಯನ್ನೇ ಸ್ವಲ್ಪ ಬಿಚ್ಚಿ ನೋಡೋಣ. "ಎರಡರಲ್ಲಿ ಯಾವುದು" ಅಂತ ಕೇಳ್ತೀವಲ್ಲ, ತೊಡಕು ಅಲ್ಲೇ ಇದೆ.

ಪ್ರಕೃತಿಯ ಕಡೆಯವರನ್ನ ಒಬ್ಬೊಬ್ಬರಾಗಿ ವಿಚಾರಿಸೋಣ. ಮೊದಲು ಸೂರ್ಯ. ಸೂರ್ಯನ ಶಾಖ ಸರಿಸುಮಾರು 11 ವರ್ಷಕ್ಕೊಮ್ಮೆ ಏರಿಳಿಯುತ್ತೆ ಅನ್ನೋದು ನಿಜ. ಆ ಏರಿಳಿತ ಎಷ್ಟು? ಶೇಕಡ 0.1ರಷ್ಟು. 1978ರಿಂದ ಉಪಗ್ರಹಗಳು ಅಳೀತಾ ಬಂದಿವೆ. ಈ ಅವಧಿಯಲ್ಲಿ ಭೂಮಿ ಬಿಸಿಯಾಗ್ತಾ ಹೋಯ್ತು, ಸೂರ್ಯನ ಶಾಖ ಮಾತ್ರ ಮೇಲಕ್ಕೆ ಹೋಗಲಿಲ್ಲ. ಇನ್ನೊಂದು ಸಾಕ್ಷಿ ನನಗೆ ಬಹಳ ಇಷ್ಟ. ಸೂರ್ಯನೇ ಕಾರಣ ಆಗಿದ್ದರೆ ವಾತಾವರಣದ ಕೆಳಪದರ, ಮೇಲ್ಪದರ ಎರಡೂ ಬಿಸಿಯಾಗಬೇಕಿತ್ತು. ಆಗ್ತಿರೋದೇ ಬೇರೆ: ಕೆಳಗಿನ ಗಾಳಿ ಬಿಸಿಯಾಗ್ತಿದೆ, ವಿಮಾನಗಳು ಹಾರೋ ಎತ್ತರಕ್ಕಿಂತ ಮೇಲಿರೋ ಸ್ಟ್ರಾಟೊಸ್ಪಿಯರ್ ತಣ್ಣಗಾಗ್ತಿದೆ. ಕಂಬಳಿ ಹೊದ್ದುಕೊಂಡಾಗ ಒಳಗೆ ಬೆಚ್ಚಗಿದ್ದು ಹೊರಗೆ ಶಾಖ ಕಡಿಮೆ ಹೋಗುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಸೂರ್ಯನ ವಿಚಾರಣೆ ಇಲ್ಲಿಗೆ ಮುಗೀತು.

ಜ್ವಾಲಾಮುಖಿಯ ಕಥೆ ಇನ್ನೂ ಸ್ವಾರಸ್ಯ. "ಒಂದು ಜ್ವಾಲಾಮುಖಿ ಸಿಡಿದರೆ ಮನುಷ್ಯರು ನೂರು ವರ್ಷ ಬಿಟ್ಟಷ್ಟು ಹೊಗೆ ಬರುತ್ತೆ" ಅನ್ನೋ ಫಾರ್ವರ್ಡ್ ಮೆಸೇಜು ನಿಮಗೂ ಬಂದಿರಬಹುದು. ಅದು ಸುಳ್ಳು. ಜಗತ್ತಿನ ಎಲ್ಲ ಜ್ವಾಲಾಮುಖಿಗಳೂ ಸೇರಿ ವರ್ಷಕ್ಕೆ ಹೊರಬಿಡೋ ಇಂಗಾಲದ ಡೈಆಕ್ಸೈಡು, ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ನಾವು ಬಿಡೋದರಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ದೊಡ್ಡ ಜ್ವಾಲಾಮುಖಿ ಮಾಡೋದು ಬಹುಮಟ್ಟಿಗೆ ತದ್ವಿರುದ್ಧ ಕೆಲಸ. 1991ರ ಜೂನ್ 15ರಂದು ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದಾಗ ಒಂದೂವರೆಯಿಂದ ಎರಡು ಕೋಟಿ ಟನ್‌ನಷ್ಟು ಗಂಧಕದ ಡೈಆಕ್ಸೈಡ್ ಸ್ಟ್ರಾಟೊಸ್ಪಿಯರ್ ತಲುಪಿ, ಬಿಸಿಲನ್ನ ವಾಪಸ್ ಕಳಿಸೋ ತೆಳು ಮುಸುಕಾಯ್ತು. ಮುಂದಿನ ವರ್ಷ ಜಗತ್ತಿನ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಇಳೀತು. ಇಷ್ಟು ಇಳಿಯುತ್ತೆ ಅಂತ ಅಮೆರಿಕದ ಜೇಮ್ಸ್ ಹ್ಯಾನ್ಸನ್ ಮತ್ತು ಸಂಗಡಿಗರು ಮೊದಲೇ ಲೆಕ್ಕ ಹಾಕಿ ಪ್ರಕಟಿಸಿದ್ದರು, ಹೆಚ್ಚುಕಮ್ಮಿ ಹಾಗೇ ಆಯ್ತು. ಎರಡು ಮೂರು ವರ್ಷದಲ್ಲಿ ಗಂಧಕದ ಮುಸುಕು ತಿಳಿಯಾಗಿ, ಉಷ್ಣಾಂಶ ತನ್ನ ಏರು ದಾರಿಗೆ ಮರಳಿತು. ಈ ಗಂಧಕವನ್ನ ನೆನಪಲ್ಲಿಡಿ, ಆಮೇಲೆ ಬೇಕಾಗುತ್ತೆ.

ಈಗ ಎಲ್‌ನಿನೊ. ಪೆಸಿಫಿಕ್ ಸಾಗರದ ನಡುಪಟ್ಟಿಯಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತೆ. ಅದು ಮೇಲ್ಮೈಯ ಬಿಸಿನೀರನ್ನ ಇಂಡೊನೇಷ್ಯಾ ಕಡೆಗೆ ತಳ್ಳಿ ಗುಡ್ಡೆ ಹಾಕಿರುತ್ತೆ. ಕೆಲವು ವರ್ಷಕ್ಕೊಮ್ಮೆ ಈ ಗಾಳಿ ಸೋಲುತ್ತೆ. ಗುಡ್ಡೆಯಾಗಿದ್ದ ಬಿಸಿನೀರು ಪೆರು ದೇಶದ ಕಡೆಗೆ ಹರಡಿಕೊಂಡು, ಸಾಗರದ ಹೊಟ್ಟೆಯಲ್ಲಿದ್ದ ಶಾಖ ಗಾಳಿಗೆ ಬರುತ್ತೆ. ಮೋಡ ಏಳುವ ಜಾಗವೂ ಪೂರ್ವಕ್ಕೆ ಜರುಗುತ್ತೆ, ನಮ್ಮ ಕಡೆ ಗಾಳಿ ಕೆಳಕ್ಕೆ ಕೂರುತ್ತೆ, ಮುಂಗಾರು ಬಡವಾಗುತ್ತೆ. ಕ್ರಿಸ್‌ಮಸ್ ಹೊತ್ತಿಗೆ ನೀರು ಬಿಸಿಯಾಗೋದು ಕಂಡ ಪೆರುವಿನ ಬೆಸ್ತರು ಬಾಲಯೇಸುವಿನ ನೆನಪಲ್ಲಿ ಇಟ್ಟ ಹೆಸರು ಎಲ್‌ನಿನೊ. ಇದರ ಇನ್ನೊಂದು ತುದಿ ಹಿಡಿದದ್ದು ನಮ್ಮ ದೇಶದಲ್ಲೇ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಗಣಿತದವರು. ಮುಂಗಾರು ಯಾವಾಗ ಸೋಲುತ್ತೆ ಅಂತ ಮೊದಲೇ ಹೇಳೋಕೆ ದಾರಿ ಹುಡುಕ್ತಾ, ಜಗತ್ತಿನ ಬೇರೆ ಬೇರೆ ಊರುಗಳ ಹವಾ ಲೆಕ್ಕಗಳನ್ನ ಗುಮಾಸ್ತರಿಂದ ಗುಣಿಸಿ ಭಾಗಿಸಿ, ಪೆಸಿಫಿಕ್ ಕಡೆ ಗಾಳಿಯ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತೆ, ತಕ್ಕಡಿಯ ಹಾಗೆ, ಅನ್ನೋದನ್ನ ಕಂಡುಕೊಂಡರು. ಅದಕ್ಕೂ ಪೆರುವಿನ ಬಿಸಿನೀರಿಗೂ ಗಂಟು ಬಿದ್ದದ್ದು 1960ರ ದಶಕದಲ್ಲಿ, ಜೇಕಬ್ ಬ್ಯರ್ಕ್ನೆಸ್ ಅವರಿಂದ.

ಇಲ್ಲಿ ಮುಖ್ಯವಾದ ಮಾತು. ಎಲ್‌ನಿನೊ ಹೊಸ ಶಾಖ ಹುಟ್ಟಿಸೋದಿಲ್ಲ. ಇದ್ದ ಶಾಖವನ್ನ ಸಾಗರದಿಂದ ಗಾಳಿಗೆ ಎತ್ತಿ ಹಾಕುತ್ತೆ, ಅಷ್ಟೇ. ಅದರ ತಂಗಿ ಲಾನಿನಾ ಬಂದಾಗ ಶಾಖ ವಾಪಸ್ ಸಾಗರಕ್ಕೆ ಇಳಿಯುತ್ತೆ. ಒಂದು ಎಲ್‌ನಿನೊ ಜಗತ್ತಿನ ಸರಾಸರಿಗೆ ಸೇರಿಸೋದು ತಾತ್ಕಾಲಿಕವಾಗಿ 0.1ರಿಂದ 0.2 ಡಿಗ್ರಿ. ಹಸಿರುಮನೆ ಅನಿಲಗಳಿಂದ ಏರ್ತಿರೋದು ದಶಕಕ್ಕೆ ಸುಮಾರು 0.2 ಡಿಗ್ರಿ, ಮತ್ತು ಅದು ಇಳಿಯೋದಿಲ್ಲ. ಈ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ. 1998 ಆಗಿನ ಕಾಲಕ್ಕೆ ಅತಿ ಬಿಸಿ ವರ್ಷ, ಹಿಂದೆ ಇದ್ದದ್ದು ಶತಮಾನದ ಭಾರಿ ಎಲ್‌ನಿನೊಗಳಲ್ಲೊಂದು. 2021 ಲಾನಿನಾ ವರ್ಷ, ಅಂದ್ರೆ ತಂಪಿನ ವರ್ಷ. ಆದ್ರೆ 2021ರ ಜಗತ್ತು 1998ರ ಜಗತ್ತಿಗಿಂತ ಬಿಸಿ! ಇಂದಿನ ತಂಪು ವರ್ಷ ಅಂದಿನ ಬಿಸಿ ವರ್ಷವನ್ನ ಮೀರಿಸ್ತಿದೆ. ಹಾಗೇ, 2023-24ರ ಎಲ್‌ನಿನೊ 1997-98ರದ್ದಕ್ಕಾಗಲಿ 2015-16ರದ್ದಕ್ಕಾಗಲಿ ಸಮ ಇರಲಿಲ್ಲ, ಅವೆರಡಕ್ಕಿಂತ ದುರ್ಬಲ. ಆದರೂ ಅದು ತಂದ ಬಿಸಿ ಅವೆರಡನ್ನೂ ಮೀರಿತು.

ನಮ್ಮ ಕೆರೆಗಳನ್ನ ನೆನೆಸಿಕೊಂಡರೆ ಇದು ಸಲೀಸಾಗಿ ಅರ್ಥ ಆಗುತ್ತೆ. ಕೆರೆ ಅರ್ಧ ಇದ್ದಾಗ ಎಷ್ಟೇ ಗಾಳಿ ಬೀಸಲಿ, ಅಲೆ ಏರಿಗೆ ಬಡಿದು ಹಿಂದೆ ಹೋಗುತ್ತೆ. ಅದೇ ಕೆರೆ ಕೋಡಿ ಮಟ್ಟಕ್ಕೆ ತುಂಬಿದ್ದರೆ ಸಣ್ಣ ಗಾಳಿಗೂ ನೀರು ಕೋಡಿ ಹಾರುತ್ತೆ. ಆಗ ಕೆಳಗಿನ ಗದ್ದೆಯವನು "ಕೋಡಿ ಬಿದ್ದದ್ದು ಗಾಳಿಯಿಂದಲೋ, ನೀರಿನಿಂದಲೋ" ಅಂತ ಕೇಳಿದರೆ ಏನು ಹೇಳೋದು? ಇವತ್ತೇ ಯಾಕೆ ಬಿತ್ತು ಅಂದರೆ ಗಾಳಿ. ಇಷ್ಟು ಸಣ್ಣ ಗಾಳಿಗೆ ಯಾಕೆ ಬಿತ್ತು ಅಂದರೆ ನೀರಿನ ಮಟ್ಟ. ಎಲ್‌ನಿನೊ ಆ ಗಾಳಿ. ಇಂಗಾಲದ ಡೈಆಕ್ಸೈಡ್ ಏರಿಸಿದ್ದು ಆ ಮಟ್ಟ.

ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ, ಅಂದ್ರೆ ಐಪಿಸಿಸಿ, 2021ರ ವರದಿಯಲ್ಲಿ ಈ ಮಟ್ಟದ ಪಾಲು ಹಂಚಿದೆ. 1850-1900ರ ಸರಾಸರಿಗೆ ಹೋಲಿಸಿದರೆ 2010-19ರ ಹೊತ್ತಿಗೆ ಭೂಮಿ ಬಿಸಿಯಾದದ್ದು 1.06 ಡಿಗ್ರಿ. ಅದರಲ್ಲಿ ಮನುಷ್ಯರ ಪಾಲು 1.07. ಸೂರ್ಯ, ಜ್ವಾಲಾಮುಖಿಗಳ ಪಾಲು ಸೊನ್ನೆಯ ಆಚೀಚೆ 0.1. ಒಟ್ಟಿಗಿಂತ ಪಾಲೇ ಜಾಸ್ತಿ ಆಯ್ತಲ್ಲ ಅಂತ ಕೆಲವರು ನಗ್ತಾರೆ. ಲೆಕ್ಕ ಸರಿಯಿದೆ: ಒಬ್ಬ ಅಂಗಡಿಗೆ ನೂರಾ ಏಳು ರೂಪಾಯಿ ಹಾಕಿದ, ಇನ್ನೊಬ್ಬ ಒಂದು ರೂಪಾಯಿ ತೆಗೆದ ಅಂದರೆ ಉಳಿಯೋದು ನೂರಾ ಆರೇ ತಾನೇ.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಮನುಷ್ಯರದ್ದು ಒಂದು ಪದರ, ಪ್ರಕೃತಿಯದ್ದು ಇನ್ನೊಂದು ಪದರ, ಒಂದರ ಮೇಲೊಂದು ಇಟ್ಟರೆ ಆಯ್ತು ಅನ್ನಿಸಬಹುದು. ವಿಷಯ ಅಷ್ಟು ಸರಳವಾಗಿಲ್ಲ. ಎರಡೂ ಒಂದರೊಳಗೊಂದು ಕೈ ಹಾಕುತ್ತವೆ.

ಇಂಗಾಲದ ಜಮಾ-ಖರ್ಚಿನ ಪುಸ್ತಕ ತೆಗೀರಿ. ಕಾಡು, ಮಣ್ಣು, ಸಾಗರ ಎಲ್ಲ ಸೇರಿ ವರ್ಷಕ್ಕೆ ಸರಿಸುಮಾರು 200 ಶತಕೋಟಿ ಟನ್ ಇಂಗಾಲವನ್ನ ಗಾಳಿಗೆ ಬಿಡುತ್ತವೆ. ಮನುಷ್ಯರು ಬಿಡೋದು ಸುಮಾರು 11 ಶತಕೋಟಿ ಟನ್. "ನೋಡಿ, ನಮ್ಮದು ನೂರಕ್ಕೆ ಐದು, ಪ್ರಕೃತಿಯದ್ದೇ ತೊಂಬತ್ತೈದು" ಅನ್ನೋ ವಾದ ಹುಟ್ಟೋದು ಇಲ್ಲಿಂದ. ಅದು ಖರ್ಚಿನ ಪುಟ ತೋರಿಸಿ ಜಮಾ ಪುಟ ಮುಚ್ಚಿಡೋ ವಾದ. ಪ್ರಕೃತಿ 200 ಬಿಟ್ಟು 200 ವಾಪಸ್ ಎಳ್ಕೊಳ್ಳುತ್ತೆ. ಸಾವಿರಾರು ವರ್ಷ ಹಾಗೆ ತೂಗಿಸಿಕೊಂಡು ಬಂದಿತ್ತು. ನಮ್ಮ 11 ಬಂದ ಮೇಲೆ ಪಾಪ, ಅದು ಇನ್ನೂ ಸ್ವಲ್ಪ ಜಾಸ್ತಿಯೇ ಎಳ್ಕೊಳ್ತಿದೆ. ನಾವು ಬಿಟ್ಟದ್ದರಲ್ಲಿ ಅರ್ಧದಷ್ಟನ್ನ ಕಾಡು, ಸಾಗರಗಳು ನುಂಗುತ್ತಿವೆ. ಉಳಿದರ್ಧ ಗಾಳಿಯಲ್ಲಿ ಕೂಡಿಕೊಳ್ತಾ ಹೋಗಿ, 280 ಪಿಪಿಎಂ ಇದ್ದದ್ದು 2024ಕ್ಕೆ 423 ದಾಟಿದೆ. ಪಿಪಿಎಂ ಅಂದ್ರೆ ಹತ್ತು ಲಕ್ಷ ಗಾಳಿ ಅಣುಗಳಲ್ಲಿ ಎಷ್ಟು ಅಂತ.

ಅದು ನಮ್ಮದೇ ಅಂತ ಏನು ಗ್ಯಾರಂಟಿ? ಗುರುತು ಹಚ್ಚೋದು ಕಷ್ಟವಿಲ್ಲ. ಬದುಕಿರೋ ಮರದಿಂದ ಬಂದ ಇಂಗಾಲದಲ್ಲಿ ವಿಕಿರಣಶೀಲ ಇಂಗಾಲ-14 ಇರುತ್ತೆ. ಕೋಟಿಗಟ್ಟಲೆ ವರ್ಷ ನೆಲದಡಿ ಬಿದ್ದಿದ್ದ ಕಲ್ಲಿದ್ದಲಲ್ಲಿ, ಎಣ್ಣೆಯಲ್ಲಿ ಅದು ಪೂರ್ತಿ ಸವೆದುಹೋಗಿರುತ್ತೆ. ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ತೆಳುವಾಗ್ತಿದೆ ಅಂತ 1950ರ ದಶಕದಲ್ಲೇ ಗೊತ್ತಾಗಿತ್ತು. ಹಳೇ ಇಂಗಾಲ ಸೇರಿಕೊಳ್ತಿದೆ ಅಂತ ಅರ್ಥ. ಸುಡೋದಕ್ಕೆ ಬೇಕಾದ ಆಮ್ಲಜನಕ ಕೂಡ ಅದಕ್ಕೆ ತಕ್ಕಷ್ಟು ಕಡಿಮೆ ಆಗ್ತಿರೋದನ್ನ ಅಳೆದಿದ್ದಾರೆ. ಉಸಿರಾಡೋಕೆ ಕೊರತೆ ಆಗುವಷ್ಟಲ್ಲ, ಗಾಬರಿ ಬೇಡ.

ಈಗ ಎಲ್‌ನಿನೊವನ್ನ ಈ ಪುಸ್ತಕದೊಳಕ್ಕೆ ಕರೆದುಕೊಂಡು ಬನ್ನಿ. ಎಲ್‌ನಿನೊ ವರ್ಷದಲ್ಲಿ ಉಷ್ಣವಲಯದ ಕಾಡುಗಳು ಬಾಯಾರುತ್ತವೆ, ಬೆಳವಣಿಗೆ ಕುಂಠಿತವಾಗುತ್ತೆ, ಬೆಂಕಿ ಬೀಳುತ್ತೆ. 2023ರಲ್ಲಿ ಅಮೆಜಾನಿನ ಉಪನದಿ ರಿಯೊ ನೀಗ್ರೊ, ಮನಾಉಸ್ ನಗರದ ಹತ್ತಿರ 1902ರಿಂದ ಅಲ್ಲಿಯವರೆಗೆ ಇಟ್ಟ ದಾಖಲೆಯಲ್ಲೇ ಕನಿಷ್ಠ ಮಟ್ಟಕ್ಕೆ ಇಳೀತು. ದೂರದ ಕೆನಡಾದಲ್ಲಿ ಅದೇ ವರ್ಷ ಒಂದೂವರೆ ಕೋಟಿ ಹೆಕ್ಟೇರ್‌ನಷ್ಟು ಕಾಡು ಸುಟ್ಟುಹೋಯ್ತು. ಅಂದರೆ ನಮ್ಮ ಅರ್ಧ ಭಾರ ಹೊರ್ತಿದ್ದ ಕೂಲಿಯಾಳು ಅಷ್ಟು ದಿನ ಹಾಸಿಗೆ ಹಿಡಿದ. ಪರಿಣಾಮ ಏನು? 2023ರಿಂದ 2024ಕ್ಕೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ 3.5 ಪಿಪಿಎಂ ಏರಿತು. ನೇರವಾಗಿ ಅಳೆಯೋಕೆ ಶುರು ಮಾಡಿದ 1950ರ ದಶಕದಿಂದ ಈಚೆಗೆ ಒಂದೇ ವರ್ಷದಲ್ಲಿ ಇಷ್ಟು ಏರಿದ್ದಿಲ್ಲ. 1960ರ ದಶಕದಲ್ಲಿ ವರ್ಷಕ್ಕೆ 0.8 ಏರ್ತಿತ್ತು.

ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಯೋಚನೆ ಹಚ್ಚಿದ್ದು ಇದೇ ಭಾಗ. ಎಲ್‌ನಿನೊ ಬಂದು ಹೋಗುತ್ತೆ, ನಿಜ. ಆದರೆ ಅದು ಇದ್ದಾಗ ಕಾಡು ನುಂಗದೇ ಬಿಟ್ಟ ನಮ್ಮ ಹೊಗೆಯಲ್ಲಿ ಒಂದಷ್ಟು ಅದರ ಜೊತೆ ಹೋಗೋದಿಲ್ಲ. ಅಲೆ ಇಳೀತು, ಇಳಿಯುವಾಗ ಕೆರೆಯ ಮಟ್ಟವನ್ನೂ ಕೂದಲೆಳೆಯಷ್ಟು ಏರಿಸಿ ಹೋಯ್ತು. ಇದರಲ್ಲಿ ಪ್ರಕೃತಿಯದ್ದೆಷ್ಟು, ನಮ್ಮದೆಷ್ಟು ಅಂತ ಬಿಡಿಸೋಕೆ ಹೋದರೆ ದಾರ ಗಂಟಾಗುತ್ತೆ.

ಹಿಂದೆ ಹಿಮಯುಗಗಳು ಬಂದು ಹೋದಾಗ ಮನುಷ್ಯರ ಕಾರ್ಖಾನೆ ಎಲ್ಲಿತ್ತು ಅಂತ ಕೇಳೋರಿದ್ದಾರೆ. ಒಳ್ಳೇ ಪ್ರಶ್ನೆ. ಕಾಡ್ಗಿಚ್ಚು ಸಿಡಿಲಿನಿಂದಲೂ ಹತ್ತುತ್ತೆ, ಎಸೆದ ಬೀಡಿಯಿಂದಲೂ ಹತ್ತುತ್ತೆ. ಹಿಂದೆ ಸಿಡಿಲಿನಿಂದ ಹತ್ತಿತ್ತು ಅನ್ನೋದು ಬೀಡಿ ಎಸೆದವನಿಗೆ ಸಾಕ್ಷಿ ಆಗೋಲ್ಲ. ಹಿಮಯುಗ ಕೊನೆಗಂಡಾಗ ಕಿಡಿ ಹಚ್ಚಿದ್ದು ಭೂಮಿಯ ಕಕ್ಷೆ ಮತ್ತು ಓರೆಯ ನಿಧಾನ ಬದಲಾವಣೆ. ಆ ಸಣ್ಣ ಬಿಸಿಗೆ ಸಾಗರದಿಂದ ಇಂಗಾಲದ ಡೈಆಕ್ಸೈಡ್ ಹೊರಬಂತು, ಅದು ಇನ್ನಷ್ಟು ಬಿಸಿ ಮಾಡಿತು, ಹಿಮ ಕರಗಿ ಕಪ್ಪು ನೆಲ ಬಿಸಿಲು ಕುಡೀತು, ಹೀಗೆ ಒಂದಕ್ಕೊಂದು ಇಂಬು ಕೊಟ್ಟವು. ಆಗ 80 ಪಿಪಿಎಂ ಏರೋಕೆ ಸಾವಿರಾರು ವರ್ಷ ಹಿಡೀತು. ನಾವು ಅದಕ್ಕಿಂತ ಹೆಚ್ಚನ್ನ 1958ರಿಂದ ಈಚೆಗೆ, ಒಬ್ಬ ಮನುಷ್ಯನ ಆಯುಸ್ಸಿನೊಳಗೆ ಸೇರಿಸಿದ್ದೀವಿ. ಆಗ ಕೆಲಸ ಮಾಡಿದ ಅದೇ ಸ್ವಾಭಾವಿಕ ಕೊಂಡಿಗಳು ಈಗಲೂ ಇವೆ. ಉದಾಹರಣೆಗೆ ನೀರಾವಿ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು, ನೀರಾವಿಯೂ ಶಾಖ ಹಿಡಿಯೋ ಅನಿಲವೇ. ಹೆಚ್ಚಾದ ನೀರಾವಿ ಪ್ರಕೃತಿಯದ್ದು, ಹೆಚ್ಚಾಗೋ ಹಾಗೆ ಮಾಡಿದ್ದು ನಾವು.

ಇನ್ನು ಗಂಧಕ. ನೆನಪಿಡಿ ಅಂದಿದ್ದೆ. ಪಿನಾಟುಬೊ ಒಮ್ಮೆ ಮಾಡಿದ ಕೆಲಸವನ್ನ ನಮ್ಮ ಕಲ್ಲಿದ್ದಲು ಸ್ಥಾವರಗಳು, ಲಾರಿಗಳು, ಒಲೆಗಳು ದಿನಾ ಸಣ್ಣ ಪ್ರಮಾಣದಲ್ಲಿ ಮಾಡ್ತಿರುತ್ತವೆ. ಹೊಗೆಯ ಕಣಗಳು ಬಿಸಿಲಿಗೆ ಅಡ್ಡ ನಿಲ್ಲುತ್ತವೆ. ಅಂದರೆ ಮನುಷ್ಯರು ಒಂದು ಕೈಯಲ್ಲಿ ಕಂಬಳಿ ಹೊದಿಸಿ, ಇನ್ನೊಂದು ಕೈಯಲ್ಲಿ ಕೊಳಕು ಕೊಡೆ ಹಿಡಿದಿದ್ದಾರೆ. ಕೊಡೆ ಒಂದೆರಡು ವಾರದಲ್ಲಿ ಮಳೆಗೆ ತೊಳೆದುಹೋಗುತ್ತೆ, ಕಂಬಳಿ ನೂರಾರು ವರ್ಷ ಇರುತ್ತೆ. 2020ರ ಜನವರಿಯಿಂದ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿಯನ್ನ ಶೇ 3.5ರಿಂದ ಶೇ 0.5ಕ್ಕೆ ಇಳಿಸಿದರು. ಬಂದರು ಊರುಗಳ ಜನರ ಶ್ವಾಸಕೋಶಕ್ಕೆ ಅದು ಒಳ್ಳೇದೇ ಆಯ್ತು. ಆದರೆ ಸಾಗರದ ಮೇಲಿನ ಕೊಡೆ ಸ್ವಲ್ಪ ಮಡಚಿದ ಹಾಗಾಯ್ತು. 2023ರ ಬಿಸಿಯಲ್ಲಿ ಇದರ ಪಾಲೆಷ್ಟು ಅಂತ ವಿಜ್ಞಾನಿಗಳು ಇನ್ನೂ ಚರ್ಚೆ ಮಾಡ್ತಿದ್ದಾರೆ.

ನಮ್ಮ ಉಪಖಂಡದಲ್ಲಿ ಈ ಕೊಡೆ ದಪ್ಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದ ವೀರಭದ್ರನ್ ರಾಮನಾಥನ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಹಿಂದೂ ಮಹಾಸಾಗರದ ಮೇಲೆ ಅಳತೆ ಮಾಡಿ, ದಕ್ಷಿಣ ಏಷ್ಯಾದ ಮೇಲೆ ಹರಡಿದ್ದ ಕಂದು ಹೊಗೆಯ ಹಾಸನ್ನ ಜಗತ್ತಿಗೆ ತೋರಿಸಿದರು. ಭಾರತದ ಸರಾಸರಿ ಉಷ್ಣಾಂಶ 1901ರಿಂದ 2018ರವರೆಗೆ ಏರಿದ್ದು ಸುಮಾರು 0.7 ಡಿಗ್ರಿ, ಜಗತ್ತಿನ ಸರಾಸರಿಗಿಂತ ಕಡಿಮೆ. "ನೋಡಿ, ನಮ್ಮಲ್ಲಿ ಅಷ್ಟೇನೂ ಇಲ್ಲ" ಅಂತ ಸಮಾಧಾನ ಪಡೋರಿದ್ದಾರೆ. ಆ ಸಮಾಧಾನದಲ್ಲಿ ಒಂದು ಪಾಲು ಹೊಗೆಯ ಕೊಡೆಯದ್ದು. ಅದರ ಬೆಲೆಯನ್ನ ಮುಂಗಾರು ಕಟ್ಟಿದೆ: ನೆಲ ಸಾಕಷ್ಟು ಕಾಯದಿದ್ದರೆ ಸಮುದ್ರದ ಗಾಳಿಯನ್ನ ಎಳೆಯೋ ಬಲ ಕುಂದುತ್ತೆ. ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಶೇ 6ರಷ್ಟು ಇಳಿದಿದೆ. ಇಳಿಕೆ ಎದ್ದು ಕಾಣೋದು ಗಂಗಾ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮ ಘಟ್ಟಗಳಲ್ಲಿ. ಹಾಗಾಗಿ ಮುಂಗಾರನ್ನ ಒಂದು ಕಡೆಯಿಂದ ಹಸಿರುಮನೆ ಅನಿಲ ಮೇಲಕ್ಕೆ ಎಳೆಯುತ್ತೆ, ಇನ್ನೊಂದು ಕಡೆಯಿಂದ ಹೊಗೆ ಕೆಳಕ್ಕೆ ಎಳೆಯುತ್ತೆ, ಇವೆರಡರ ಜಗ್ಗಾಟದ ಮಧ್ಯೆ ಎಲ್‌ನಿನೊ ಬಂದು ಒಂದು ಏಟು ಕೊಡುತ್ತೆ.

ಸಾಗರ ಕೂಡ ಸುಮ್ಮನಿಲ್ಲ. ಭೂಮಿಯಲ್ಲಿ ಹೆಚ್ಚಾಗಿ ಉಳಿದ ಶಾಖದಲ್ಲಿ ಶೇ 90ಕ್ಕಿಂತ ಹೆಚ್ಚು ಹೋಗ್ತಿರೋದು ಸಾಗರಕ್ಕೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರ ಲೆಕ್ಕದಲ್ಲಿ 1950ರಿಂದ 2020ರ ನಡುವೆ ಹಿಂದೂ ಮಹಾಸಾಗರದ ಮೇಲ್ಮೈ ಶತಮಾನಕ್ಕೆ 1.2 ಡಿಗ್ರಿಯ ವೇಗದಲ್ಲಿ ಬಿಸಿಯಾಗಿದೆ. ಈ ಸಾಗರಕ್ಕೂ ತನ್ನದೇ ತಕ್ಕಡಿ ಉಂಟು. ಆಫ್ರಿಕಾ ಕಡೆ ನೀರು ಬಿಸಿ, ಸುಮಾತ್ರಾ ಕಡೆ ತಂಪು ಆದಾಗ ನಮಗೆ ಮಳೆಗೆ ಅನುಕೂಲ. 1997ರಲ್ಲಿ ಭಾರಿ ಎಲ್‌ನಿನೊ ಇದ್ದೂ ದೇಶಕ್ಕೆ ವಾಡಿಕೆಯ ಮಳೆ ಬಂದದ್ದು ಈ ತಕ್ಕಡಿ ನಮ್ಮ ಕಡೆ ವಾಲಿದ್ದರಿಂದ ಅಂತ ವಿಜ್ಞಾನಿಗಳು ಹೇಳ್ತಾರೆ. ಅಂದರೆ ಎಲ್‌ನಿನೊ ಬಂತು ಅಂದ ಕೂಡಲೇ ಬರ ಗ್ಯಾರಂಟಿ ಅನ್ನೋ ಹಾಗೂ ಇಲ್ಲ.

ಹಾಗಾದರೆ 2023? ಜೂನ್ ಮೊದಲ ವಾರ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದಿತು. ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಜೂನ್ 8ಕ್ಕೆ, ವಾರ ತಡ. ಬಿಸಿಯಾದ ಅರಬ್ಬಿ ಸಮುದ್ರದಲ್ಲಿ ಬಲವಾದ ಚಂಡಮಾರುತಗಳು ಹಿಂದಿಗಿಂತ ಹೆಚ್ಚಾಗಿವೆ. ಅಲ್ಲಿ ನಮ್ಮ ಕೈ ಇದೆ. ಜುಲೈನಲ್ಲಿ ದೇಶಕ್ಕೆ ವಾಡಿಕೆಗಿಂತ ಹೆಚ್ಚು ಮಳೆ, ಆಗಸ್ಟ್‌ನಲ್ಲಿ ಪಾತಾಳ. ಆಗಸ್ಟ್ ಕೊರತೆಗೆ ದೊಡ್ಡ ಕಾರಣ ಎಲ್‌ನಿನೊ ಅನ್ನೋದರಲ್ಲಿ ತಪ್ಪೇನಿಲ್ಲ. ಆದರೆ ಬಾರದ ಮಳೆ ಬರದ ಅರ್ಧ ಕಥೆ. ಬಂದ ಮಳೆ ಹೊಲದಲ್ಲಿ ಎಷ್ಟು ದಿನ ನಿಲ್ಲುತ್ತೆ ಅನ್ನೋದು ಇನ್ನರ್ಧ. ಗಾಳಿ ಬಿಸಿಯಾದಷ್ಟೂ ಅದರ ಬಾಯಾರಿಕೆ ಹೆಚ್ಚು. ಮಣ್ಣಿನಿಂದ, ಎಲೆಯಿಂದ, ಕೆರೆಯಿಂದ ನೀರು ಹೀರುತ್ತೆ. ಅಷ್ಟೇ ಮಳೆ ಕೊರತೆ ಐವತ್ತು ವರ್ಷದ ಹಿಂದೆ ಆಗಿದ್ದರೆ ರಾಗಿ ಪೈರು ಇನ್ನೂ ಕೆಲವು ದಿನ ತಡೀತಿತ್ತೇನೋ.

ಎಲ್ಲವನ್ನೂ ಹವಾಮಾನ ಬದಲಾವಣೆಯ ತಲೆಗೆ ಕಟ್ಟೋದನ್ನೂ ನಾನು ಒಪ್ಪೋದಿಲ್ಲ. 1876-78ರಲ್ಲಿ, ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರ ಅಂತ ಕರೀತಿದ್ದ ಕಾಲದಲ್ಲಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 290 ಪಿಪಿಎಂ ಆಸುಪಾಸು. ಅಂದರೆ ಕೆರೆ ತುಂಬಿರಲಿಲ್ಲ, ಬೀಸಿದ್ದು ಮಾತ್ರ ಬಿರುಗಾಳಿ: ದಾಖಲೆಯಲ್ಲಿರೋ ಅತಿ ಬಲವಾದ ಎಲ್‌ನಿನೊಗಳಲ್ಲಿ ಅದೊಂದು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷಕ್ಕೆ ಕುಸಿದಿತ್ತು. ಮಳೆ ತಪ್ಪಿಸಿದ್ದು ಪ್ರಕೃತಿ. ಆದರೆ ಜನ ಅಷ್ಟು ಸಂಖ್ಯೆಯಲ್ಲಿ ಸತ್ತದ್ದರಲ್ಲಿ, ಬರದ ನಡುವೆಯೂ ದೇಶದಿಂದ ಧಾನ್ಯ ರಫ್ತು ಮಾಡ್ತಿದ್ದ ಆಡಳಿತದ ಪಾಲು ಸಣ್ಣದಲ್ಲ. ಇವತ್ತೂ ಹಾಗೇ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು, 2024ರ ಏಪ್ರಿಲ್‌ನಲ್ಲಿ 38.5. ಎರಡೂ ಎಲ್‌ನಿನೊ ಬೆನ್ನಿಗೆ ಬಂದ ಬೇಸಿಗೆಗಳು, ಎರಡೂ ಬಿಸಿಯಾದ ಜಗತ್ತಿನವು. ಜೊತೆಗೆ ಕೆರೆ ಮುಚ್ಚಿ ಕಟ್ಟಿದ ಕಾಂಕ್ರೀಟು, ಕಡಿದ ಸಾಲುಮರ. ಇದನ್ನ ಮಾಡೋಕೆ ಪೆಸಿಫಿಕ್ ಸಾಗರವೂ ಬೇಕಿರಲಿಲ್ಲ, ಅಮೆರಿಕದ ಕಾರುಗಳೂ ಬೇಕಿರಲಿಲ್ಲ.

ಚಳ್ಳಕೆರೆಯ ಕೇಳುಗರ ಪ್ರಶ್ನೆಯಲ್ಲಿ "ಯಾರನ್ನಾದ್ರೂ ಕೇಳಬಹುದು" ಅನ್ನೋ ಮಾತಿತ್ತು. ಅದಕ್ಕೂ ಒಂದು ಉತ್ತರ ಕೊಡಬೇಕು. ಸರ್ಕಾರದ ಕಡತದಲ್ಲಿ ಬರ ಈಗಲೂ "ನೈಸರ್ಗಿಕ ವಿಕೋಪ". ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಪ್ರಕಾರ ಒಂದು ತಾಲ್ಲೂಕನ್ನ ಬರಪೀಡಿತ ಅಂತ ಸಾರೋಕೆ ಮೊದಲ ಬಾಗಿಲು ಮಳೆ: ಎಷ್ಟು ಕೊರತೆ, ಎಷ್ಟು ವಾರ ಸತತ ಒಣ. ಆ ಬಾಗಿಲು ದಾಟಿದ ಮೇಲೆ ಮಣ್ಣಿನ ತೇವ, ಬೆಳೆಯ ಸ್ಥಿತಿ, ಬಿತ್ತನೆ, ಅಂತರ್ಜಲ ನೋಡ್ತಾರೆ. ಎಲ್‌ನಿನೊ ಮಾಡೋ ಹಾನಿ ಮಳೆಮಾಪಕದಲ್ಲಿ ಸಿಗುತ್ತೆ, ಹಾಗಾಗಿ ಮೊದಲ ಬಾಗಿಲಲ್ಲೇ ಕಾಣುತ್ತೆ. ಬಿಸಿಗಾಳಿ ಮಣ್ಣಿನಿಂದ ಹೀರಿದ ನೀರು ಮಳೆಮಾಪಕದಲ್ಲಿ ಕಾಣೋದಿಲ್ಲ. ಮಳೆ ಲೆಕ್ಕದಲ್ಲಿ ವಾಡಿಕೆಗೆ ಹತ್ತಿರ ಇದ್ದು, ಬಿಸಿಲಿಗೆ ಹೊಲ ಒಣಗಿದ ತಾಲ್ಲೂಕು ಹೊರಗೇ ನಿಲ್ಲಬೇಕಾಗುತ್ತೆ. ಬಿಸಿ ಏರಿದಷ್ಟೂ ಇಂಥ ತಾಲ್ಲೂಕುಗಳು ಹೆಚ್ಚುತ್ತವೆ. ಕೇಳಬೇಕಾದ ಪ್ರಶ್ನೆಗಳಲ್ಲಿ ಇದೊಂದು, ಮತ್ತು ಇದನ್ನ ಕೇಳೋಕೆ ವಿಶ್ವಸಂಸ್ಥೆಗೆ ಹೋಗಬೇಕಿಲ್ಲ, ವಿಧಾನಸೌಧ ಮತ್ತು ದೆಹಲಿ ಸಾಕು.

ಇನ್ನೊಂದು ವಿಷಯ, ಬಿತ್ತನೆ ಮಾಡೋರಿಗೆ. ಎಲ್‌ನಿನೊ ಏಕಾಏಕಿ ಮೇಲೆರಗೋದಿಲ್ಲ, ಕೆಲವು ತಿಂಗಳ ಮೊದಲೇ ಸಾಗರದಲ್ಲಿ ಸುಳಿವು ಕೊಡುತ್ತೆ. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಮೊದಲ ಮುನ್ಸೂಚನೆ ಕೊಡುವಾಗ ಪೆಸಿಫಿಕ್, ಹಿಂದೂ ಮಹಾಸಾಗರ ಎರಡರ ಸ್ಥಿತಿಯನ್ನೂ ಹೇಳುತ್ತೆ, ಮೇ ಕೊನೆಗೆ ಅದನ್ನ ಪರಿಷ್ಕರಿಸುತ್ತೆ. ಪತ್ರಿಕೆಯಲ್ಲಿ "ವಾಡಿಕೆ ಮಳೆ" ಅನ್ನೋ ದಪ್ಪಕ್ಷರದ ಕೆಳಗೆ ಆ ಎರಡು ಸಾಲು ಇರುತ್ತವೆ, ಅವನ್ನೂ ಓದಿ. ಶೇಂಗಾ ಹಾಕೋದೋ, ಸಿರಿಧಾನ್ಯಕ್ಕೆ ಹೋಗೋದೋ ಅನ್ನೋ ಯೋಚನೆಗೆ ಎಷ್ಟೋ ಸಲ ದಪ್ಪಕ್ಷರಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತೆ.

ಮುಂದಿನ ಸಂಚಿಕೆಯಲ್ಲಿ ಅಂತರ್ಜಲದ ಬಗ್ಗೆ ಮಾತಾಡೋಣ. ನಿಮ್ಮೂರಿನ ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ, ಹತ್ತು ವರ್ಷದ ಹಿಂದೆ ಎಷ್ಟಿತ್ತು ಅಂತ ಧ್ವನಿ ಸಂದೇಶ ಕಳಿಸಿ, ಅದರಿಂದಲೇ ಶುರು ಮಾಡ್ತೀನಿ.